ಅಗ್ಗದ ಸರ್ವರ್‌ನಲ್ಲೊಂದು ಟೊರೆಂಟ್ ನೆಲೆ

14 ಸೆಪ್ಟೆಂಬರ್ 2025, ಭಾನುವಾರ

ಬಹಳ ಕಾಲದಿಂದ ಮುಂದಕ್ಕೆ ಹಾಕುತ್ತ ಬಂದಿದ್ದ ಕೆಲಸವೊಂದು ಇಂದು ಕೈಗೂಡಿತು. ಒಂದು ಸಿಪಿಯು, 1 ಜಿಬಿ ಮೆಮೊರಿ, 25 ಜಿಬಿ ಡಿಸ್ಕ್ ಇರುವ ಪುಟ್ಟ ಕ್ಲೌಡ್ ಸರ್ವರ್ ಒಂದನ್ನು ಬಾಡಿಗೆಗೆ ಪಡೆದು, ಅದರಲ್ಲಿ ಡೆಬಿಯನ್ 13 ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿ, ಟ್ರಾನ್ಸ್‌ಮಿಶನ್ ಎಂಬ ಟೊರೆಂಟ್ ತಂತ್ರಾಂಶವನ್ನು ಅಣಿಗೊಳಿಸಿದೆ. ಟೊರೆಂಟ್ ಎಂದರೆ ಕಡತವೊಂದನ್ನು ಬಳಕೆದಾರರೇ ತುಣುಕುಗಳಾಗಿ ಪರಸ್ಪರ ಹಂಚಿಕೊಳ್ಳುವ ವಿಧಾನ. ಡೆಬಿಯನ್‌ನ ಅನುಸ್ಥಾಪನಾ ಚಿತ್ರಿಕೆಯನ್ನೂ (ಅದನ್ನು ಕಂಪ್ಯೂಟರಿಗೆ ಹಾಕಲು ಬೇಕಾದ ಕಡತ), ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯದಲ್ಲಿರುವ, ಹಕ್ಕುಸ್ವಾಮ್ಯದ ಅವಧಿ ಮುಗಿದ ಕೆಲವು ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನೂ ಹಗಲಿರುಳು ಸೀಡ್ ಮಾಡುತ್ತಿರುವುದು, ಎಂದರೆ ಬೇಕಾದವರಿಗೆ ಕಳುಹಿಸುತ್ತಿರುವುದು, ಅಷ್ಟೇ ಅದರ ಕೆಲಸ.

ಈ ಕೆಲಸಕ್ಕೆ ಮನೆಯ ಕಂಪ್ಯೂಟರ್ ಸಾಲದೇ ಎಂಬ ಪ್ರಶ್ನೆ ಸಹಜ. ನಮ್ಮಲ್ಲಿ ಅನೇಕ ಮನೆಗಳ ಫೈಬರ್ ಸಂಪರ್ಕಗಳಿಗೂ ಬಹುತೇಕ ಮೊಬೈಲ್ ಸಂಪರ್ಕಗಳಿಗೂ ಸ್ವಂತ ಸಾರ್ವಜನಿಕ ಐಪಿ ವಿಳಾಸ (ಅಂತರ್ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ; ಇಲ್ಲಿ ಹಳೆಯ ಐಪಿವಿ4 ಬಗೆಯದು) ಇರುವುದಿಲ್ಲ. ನೂರಾರು ಗ್ರಾಹಕರು ಒಂದೇ ವಿಳಾಸದ ಹಿಂದೆ ಇರುವುದರಿಂದ ಹೊರಗಿನವರು ತಾವಾಗಿಯೇ ನಮ್ಮ ಯಂತ್ರವನ್ನು ತಲುಪಲಾರರು. ಅಂಥ ಇಬ್ಬರು ಪೀರ್‌ಗಳು (ಟೊರೆಂಟ್ ಮೂಲಕ ಹಂಚಿಕೊಳ್ಳುವವರು) ಎದುರಾದಾಗ, ಒಬ್ಬರ ಬಳಿ ಪೂರ್ತಿ ಕಡತವಿದ್ದರೂ ಇನ್ನೊಬ್ಬರಿಗೆ ಒಂದು ತುಣುಕೂ ಸಿಗದೆ ಹೋಗಬಹುದು. ಸಾರ್ವಜನಿಕ ವಿಳಾಸವುಳ್ಳ ಒಂದೇ ಒಂದು ಸರ್ವರ್ ಆ ಗುಂಪಿನಲ್ಲಿದ್ದರೆ ಇಬ್ಬರೂ ಅದನ್ನು ತಲುಪುತ್ತಾರೆ. ಅಗ್ಗದ ಸರ್ವರ್‌ನ ನಿಜವಾದ ಪ್ರಯೋಜನ ಇರುವುದು ಇಲ್ಲಿಯೇ ಎಂದು ನಾನು ನಂಬಿದ್ದೇನೆ.

ಬಾಡಿಗೆ ಪಡೆಯುವ ಮೊದಲು ಸಂಸ್ಥೆಯ ನಿಯಮಗಳನ್ನು ಪೂರ್ತಿ ಓದಿದೆ. ಕೆಲವು ಸಂಸ್ಥೆಗಳು ಟೊರೆಂಟನ್ನು, ಅದರಲ್ಲಿ ಹರಿಯುವುದು ಏನೇ ಇರಲಿ, ಸಾರಾಸಗಟಾಗಿ ನಿಷೇಧಿಸುತ್ತವೆ. ಹಕ್ಕುಸ್ವಾಮ್ಯದ ವಿಷಯದಲ್ಲಿ ನಾನೂ ಕಟ್ಟುನಿಟ್ಟಾಗಿದ್ದೇನೆ: ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕಳೆದ ಬಳಿಕವೇ ಪುಸ್ತಕ ಭಾರತದಲ್ಲಿ ಎಲ್ಲರ ಸ್ವತ್ತಾಗುತ್ತದೆ. ಈ ಲೆಕ್ಕಕ್ಕೆ ಒಳಪಡದ ಯಾವ ಪುಸ್ತಕವನ್ನೂ ಸೇರಿಸಿಲ್ಲ.

ಟ್ರಾನ್ಸ್‌ಮಿಶನ್‌ನ ಅನುಸ್ಥಾಪನೆ, ಡೆಬಿಯನ್‌ನಲ್ಲಿ ತಂತ್ರಾಂಶಗಳನ್ನು ಹಾಕಿಕೊಡುವ ಆಪ್ಟ್‌ನ ಒಂದು ಆದೇಶದಲ್ಲಿ ಮುಗಿಯಿತು. ಗಮನ ಬೇಡುವುದು ಅನಂತರದ ಹೊಂದಾಣಿಕೆ. ಟ್ರಾನ್ಸ್‌ಮಿಶನ್ ಚಾಲನೆಯಲ್ಲಿರುವಾಗ ಅದರ ಸೆಟ್ಟಿಂಗ್ಸ್ ಕಡತವನ್ನು ತಿದ್ದಿ ಉಳಿಸಿದರೆ, ಅದು ನಿಲ್ಲುವ ಹೊತ್ತಿಗೆ ತನ್ನ ನೆನಪಿನಲ್ಲಿರುವ ಹಳೆಯ ಮೌಲ್ಯಗಳನ್ನೇ ಮತ್ತೆ ಬರೆದುಬಿಡುತ್ತದೆ. ಹೀಗಾಗಿ ಸೇವೆಯನ್ನು ಮೊದಲು ನಿಲ್ಲಿಸಿ, ಆಮೇಲೆ ಕಡತ ತೆರೆಯಬೇಕು. ಅದರಲ್ಲಿ ಪಾಸ್‌ವರ್ಡನ್ನು ಸರಳ ಅಕ್ಷರಗಳಲ್ಲೇ ಬರೆದೆ. ಸೇವೆಯನ್ನು ಪುನಃ ಆರಂಭಿಸಿ ನೋಡಿದಾಗ ಅದೇ ಜಾಗದಲ್ಲಿ ಪುಷ್ಪಾವರಣದಿಂದ ({) ಶುರುವಾಗುವ, ಯಾರಿಗೂ ಅರ್ಥವಾಗದ ಉದ್ದನೆಯ ಹ್ಯಾಶ್ (ದತ್ತಾಂಶದಿಂದ ಲೆಕ್ಕಹಾಕಿದ ಗುರುತು) ಕುಳಿತಿತ್ತು.

ಟ್ರಾನ್ಸ್‌ಮಿಶನ್‌ನ ನಿಯಂತ್ರಣ ಪುಟ ತೆರೆದುಕೊಳ್ಳುವುದು 9091ನೆಯ ಪೋರ್ಟ್‌ನಲ್ಲಿ, ಎಂದರೆ ಸರ್ವರ್‌ನ ಆ ಸಂಖ್ಯೆಯ ಬಾಗಿಲಿನಲ್ಲಿ. ಅದನ್ನು ಜಗತ್ತಿಗೆ ತೆರೆದಿಡುವ ಸಲಹೆಯನ್ನು ಹಲವೆಡೆ ಕಾಣುತ್ತೇವೆ. ನಾನು ಅದನ್ನು ಒಪ್ಪುವುದಿಲ್ಲ. ಪಾಸ್‌ವರ್ಡ್ ಇದ್ದರೂ ಆ ಪುಟ ಗೂಢಲಿಪಿಯಿಲ್ಲದೆ ಸಾಗುತ್ತದೆ. ಅನುಮತಿ ಪಟ್ಟಿಯಲ್ಲಿ ಮೊದಲಿನಿಂದಲೇ ಇರುವ 127.0.0.1 ಎಂಬ, ಯಂತ್ರ ತನ್ನನ್ನೇ ಸೂಚಿಸುವ ವಿಳಾಸವನ್ನು ಹಾಗೆಯೇ ಉಳಿಸಿ, ನನ್ನ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದ ಯಂತ್ರವನ್ನು ಗೂಢಲಿಪಿಯಲ್ಲಿ ಸಂಪರ್ಕಿಸುವ ವಿಧಾನ) ಸುರಂಗ ತೋಡಿಕೊಂಡೆ. ಆಗ ಪುಟವನ್ನು ಕೇಳುತ್ತಿರುವುದು ತಾನೇ ಎಂಬಂತೆ ಸರ್ವರ್ ಭಾವಿಸುತ್ತದೆ, ಹೊರಗಿನವರಿಗೆ ಬಾಗಿಲೇ ಕಾಣುವುದಿಲ್ಲ. ಫೈರ್‌ವಾಲ್‌ನಲ್ಲಿ ಎಸ್‌ಎಸ್‌ಎಚ್ ಬಿಟ್ಟರೆ ತೆರೆದದ್ದು ಪೀರ್‌ಗಳಿಗಾಗಿ 51413ನೆಯ ಪೋರ್ಟ್ ಒಂದನ್ನೇ, ಟಿಸಿಪಿ ಮತ್ತು ಯುಡಿಪಿ ಎಂಬ ಎರಡೂ ಸಾಗಣೆ ವಿಧಾನಗಳಿಗೆ.

ಇನ್ನು ವೇಗದ ಮಿತಿ. ಈ ಸರ್ವರ್‌ಗೆ ಸಿಗುವ ತಿಂಗಳಿಗೆ 1 ಟಿಬಿ ದತ್ತಾಂಶವೆಂದರೆ ಕೇಳುವುದಕ್ಕೆ ದೊಡ್ಡದು. 30 ದಿನಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 386 ಕೆಬಿ ಮಾತ್ರ. ಕಳುಹಿಸುವ ವೇಗವನ್ನು 300 ಕೆಬಿಗೆ ನಿಲ್ಲಿಸಿದ್ದರಿಂದ, ಒಂದು ಕ್ಷಣವೂ ಬಿಡುವಿಲ್ಲದೆ ಹರಿದರೂ ತಿಂಗಳಿಗೆ 778 ಜಿಬಿ ದಾಟದು, ಇಳಿಸಿಕೊಳ್ಳುವುದಕ್ಕೂ ಇತರ ಕೆಲಸಗಳಿಗೂ ಉಳಿದದ್ದು ಸಾಕಾಗುತ್ತದೆ. ಮೆಮೊರಿ ಕಡಿಮೆಯಿರುವುದರಿಂದ 1 ಜಿಬಿ ಸ್ವಾಪ್ (ಮೆಮೊರಿಯಂತೆ ಬಳಸುವ ಡಿಸ್ಕ್ ಜಾಗ) ಸೇರಿಸಿ, ಒಟ್ಟು ಪೀರ್‌ಗಳ ಮಿತಿಯನ್ನು 200ರಿಂದ 100ಕ್ಕೆ ಇಳಿಸಿದೆ.

ಆರ್ಕೈವ್‌ನ ಪುಸ್ತಕಗಳು ಅದರ ಜಾಲತಾಣದಿಂದಲೇ ಸಿಗುವಾಗ ಈ ಶ್ರಮವೇಕೆ ಎನ್ನುವವರಿಗೆ 2024ರ ಅಕ್ಟೋಬರ್ ನೆನಪಾಗಬೇಕು. ದಾಳಿಗೆ ಸಿಕ್ಕಿ ಆರ್ಕೈವ್ ಆಗ ದಿನಗಟ್ಟಲೆ ಮುಚ್ಚಿಕೊಂಡಿತ್ತು. ಅಂಥ ಹೊತ್ತಿನಲ್ಲಿ ಪೀರ್‌ಗಳಿಗೆ ಪರಸ್ಪರರ ವಿಳಾಸ ತಿಳಿಸುವ ಆರ್ಕೈವ್‌ನ ಸರ್ವರ್, ಎಂದರೆ ಟ್ರ್ಯಾಕರ್ ಕೂಡ ಉತ್ತರಿಸದೆ ಹೋಗಬಹುದು. ಆದರೆ ಡಿಎಚ್‌ಟಿ (ಪೀರ್‌ಗಳೇ ಸೇರಿ ನಡೆಸುವ ವಿಳಾಸ ಪಟ್ಟಿ) ಮೂಲಕ ಪೀರ್‌ಗಳು ಪರಸ್ಪರರನ್ನು ಹುಡುಕಿಕೊಳ್ಳಬಲ್ಲರು, ಮತ್ತು ಪ್ರತಿ ತುಣುಕಿನ ಹ್ಯಾಶ್ ಟೊರೆಂಟ್‌ನ ವಿವರ ಕಡತದಲ್ಲೇ ಇರುವುದರಿಂದ ಬಂದದ್ದು ಅಸಲಿಯೋ ಅಲ್ಲವೋ ಎಂಬ ಅನುಮಾನ ಉಳಿಯುವುದಿಲ್ಲ. ಇಷ್ಟಾಗಬೇಕಾದರೆ ಯಾರೋ ಒಬ್ಬರು ಆ ಪುಸ್ತಕದ ಪ್ರತಿಯನ್ನು ಮೊದಲೇ ಇರಿಸಿಕೊಂಡಿರಬೇಕು. ಒಂದು ತೊಡಕೂ ಇದೆ: ಆರ್ಕೈವ್‌ನಲ್ಲಿ ಪುಸ್ತಕದ ವಿವರವನ್ನು ಯಾರಾದರೂ ತಿದ್ದಿದರೆ ಟೊರೆಂಟ್ ಹೊಸದಾಗಿ ತಯಾರಾಗಿ, ಹಳೆಯದನ್ನು ಹಿಡಿದವರು ಬೇರೆ ಗುಂಪಾಗಿಬಿಡುತ್ತಾರೆ. ಆದ್ದರಿಂದ ತಿಂಗಳಿಗೊಮ್ಮೆ ಹೊಸ ಟೊರೆಂಟ್‌ಗಳನ್ನು ತಂದು ಹೋಲಿಸುವ ಪುಟ್ಟ ಸ್ಕ್ರಿಪ್ಟ್ ಬರೆಯಬೇಕಾಗಿದೆ.

ಸಂಜೆ ಪೀರ್‌ಗಳ ಪಟ್ಟಿ ತೆರೆದೆ. ಡೆಬಿಯನ್ ಚಿತ್ರಿಕೆಗೆ ಹಲವರು ಅಂಟಿಕೊಂಡಿದ್ದರು. ಕೆಲವರ ಸಾಲಿನಲ್ಲಿ, ಅವರೇ ಹೊರಗಿನಿಂದ ಬಂದು ಸೇರಿದ್ದಾರೆ ಎಂದು ಸೂಚಿಸುವ ಇಂಗ್ಲಿಷಿನ ‘ಐ’ ಅಕ್ಷರವಿತ್ತು. ಪೋರ್ಟ್ ಸರಿಯಾಗಿ ತೆರೆದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಕನ್ನಡ ಪುಸ್ತಕಗಳಿಗೆ ಇನ್ನೂ ಯಾರೂ ಬಂದಿಲ್ಲ. ಡಿಸ್ಕ್‌ನಲ್ಲಿ ಜಾಗ ಉಳಿದಿದೆ, ಮುಂದಿನ ವಾರ ಇನ್ನಷ್ಟು ಪುಸ್ತಕಗಳನ್ನು ಸೇರಿಸುತ್ತೇನೆ.