ಭಾರ ಎತ್ತಿದ ಮೇಲಿನ 48 ಗಂಟೆ

ಜಿಮ್‌ಗೆ ಹೋಗುವಾಗ ಮೈಯಲ್ಲಿದ್ದ ಶಕ್ತಿ ಹೊರಗೆ ಬರುವಾಗ ಇರುವುದಿಲ್ಲ. ಕಾಲು ನಡುಗುತ್ತಿರುತ್ತದೆ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯೋಣ ಅನಿಸುತ್ತದೆ, ಅರ್ಧ ಗಂಟೆ ಹಿಂದೆ ಸಲೀಸಾಗಿ ಎತ್ತಿದ್ದ ತೂಕ ಈಗ ಜಪ್ಪಯ್ಯ ಅಂದರೂ ಏಳುವುದಿಲ್ಲ. ಆ ಹೊತ್ತಿಗೆ ದೇಹ ದಣಿದಿದೆ ಅಷ್ಟೇ, ಇನ್ನೂ ಗಟ್ಟಿಯಾಗಿಲ್ಲ. ಗಟ್ಟಿಯಾಗುವ ಕೆಲಸ ಆಮೇಲೆ ಶುರುವಾಗುತ್ತದೆ. ಒಂದು ಒಳ್ಳೆಯ ಸೆಷನ್ ಮುಗಿದ ಮೇಲೆ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಸುಮಾರು 24ರಿಂದ 48 ಗಂಟೆ ಜೋರಾಗಿ ನಡೆಯುತ್ತದೆ. ನೀವು ಮಲಗಿರುವಾಗ, ಊಟ ಮಾಡುವಾಗ, ಸುಮ್ನೆ ಕೂತಿರುವಾಗ.

ಹಾಗಾಗಿ ಒಬ್ಬ ಆಟಗಾರನ ಜಿಮ್ ಕೆಲಸ ಸರಿಯಾಗಿ ನಡೆಯುತ್ತಿದೆಯಾ ಅಂತ ತಿಳಿಯಲು ನಾನು ನೋಡುವುದು ಎರಡು ದಿನ ಬಿಟ್ಟು ಮೈದಾನದಲ್ಲಿ ಅವನು ಹೇಗಿದ್ದಾನೆ ಅನ್ನುವುದನ್ನು. ಮೊದಲ ಹತ್ತು ಹೆಜ್ಜೆ ಚುರುಕಾಗಿದೆಯಾ? ಗಕ್ಕನೆ ನಿಂತು ತಿರುಗುವಾಗ ಕಾಲು ಮಾತು ಕೇಳುತ್ತಿದೆಯಾ? ವೇಟ್‌ಲಿಫ್ಟಿಂಗ್ ಮಾಡುವವರಿಗೆ ಬಾರ್ ಮೇಲಿನ ತೂಕವೇ ಸ್ಪರ್ಧೆ. ಓಟಗಾರರಿಗೆ, ಫುಟ್‌ಬಾಲ್ ಆಡುವವರಿಗೆ, ಈಜುಗಾರರಿಗೆ ಹಾಗಲ್ಲ, ಅವರ ಅಂಕ ಎಣಿಸುವುದು ಬೇರೆ ಕಡೆ. ಸ್ಕ್ವಾಟ್‌ನಲ್ಲಿ, ಅಂದರೆ ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದರಲ್ಲಿ, ಹತ್ತು ಕೆ.ಜಿ. ಜಾಸ್ತಿಯಾಯಿತು, ಆದರೆ ವಾರವಿಡೀ ಅಭ್ಯಾಸದಲ್ಲಿ ಕಾಲು ಎಳೆದುಕೊಂಡು ಓಡಾಡಿದರು ಅಂದರೆ ಆ ಹತ್ತು ಕೆ.ಜಿ.ಯಿಂದ ಬಂದ ಭಾಗ್ಯ ಏನು?

ಹಾಗಂತ ಭಾರ ಎತ್ತುವುದನ್ನೇ ಬಿಡಿ ಅಂತ ಹೇಳುತ್ತಿಲ್ಲ. ಅದಕ್ಕೆ ಬದಲಿ ಇಲ್ಲ. 2014ರಲ್ಲಿ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟಿಗೆ ಹಾಕಿ ನೋಡಿದ ಒಂದು ಅಧ್ಯಯನದಲ್ಲಿ, ಬಲದ ತರಬೇತಿ ಮಾಡಿದವರಲ್ಲಿ ಆಟದ ಗಾಯಗಳು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗಿದ್ದವು. ಅದೇ ಅಧ್ಯಯನದಲ್ಲಿ ಬರೀ ಸ್ಟ್ರೆಚಿಂಗ್‌ನಿಂದ ಅಂಥ ರಕ್ಷಣೆ ಕಾಣಲಿಲ್ಲ. ದೂರದ ಓಟಗಾರರು ಮೈ ದಪ್ಪ ಆಗಿಬಿಡುತ್ತದೆ ಅಂತ ಹೆದರುತ್ತಾರೆ. ವಾರಕ್ಕೆ ಎರಡು ದಿನ, ಭಾರ ಜಾಸ್ತಿ, ರೆಪ್ (ಒಂದು ಸಲ ಇಳಿಸಿ ಎತ್ತಿದರೆ ಒಂದು ರೆಪ್) ಕಡಿಮೆ ಇಟ್ಟುಕೊಂಡು, ಜೊತೆಗೆ ಅಷ್ಟೊಂದು ಓಡುವವರ ಮೈ ಸುಲಭಕ್ಕೆ ದಪ್ಪ ಆಗುವುದಿಲ್ಲ. ಅದೇ ವೇಗಕ್ಕೆ ಮೊದಲಿಗಿಂತ ಕಡಿಮೆ ಆಮ್ಲಜನಕ ಸಾಕಾಗುತ್ತದೆ, ಕೊನೆಯ ಕಿಲೋಮೀಟರುಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಈಗ ಮೊದಲ ಎರಡು ತಿಂಗಳ ವಿಷಯಕ್ಕೆ ಬರೋಣ. ತುಂಬಾ ಜನ ಎಡವುವುದು ಇಲ್ಲೇ. ಹೊಸದಾಗಿ ಶುರು ಮಾಡಿದವರಿಗೆ ನಾಲ್ಕೈದು ವಾರದಲ್ಲೇ ತೂಕ ಸರಸರ ಏರುತ್ತದೆ, ಆದರೆ ತೊಡೆ ಅಳೆದರೆ ಮೊದಲು ಇದ್ದಷ್ಟೇ ಇರುತ್ತದೆ. ಕಾರಣ ನರಮಂಡಲ. ಮಿದುಳು ಸ್ನಾಯುವಿನ ನಾರುಗಳನ್ನು ಸಣ್ಣ ಗುಂಪುಗಳಿಂದ ಶುರು ಮಾಡಿ, ಬೇಕಾದಂತೆ ದೊಡ್ಡ ಗುಂಪುಗಳನ್ನು ಕೆಲಸಕ್ಕೆ ಕರೆಯುತ್ತದೆ. ಹಗುರ ಕೆಲಸಕ್ಕೆ ಆ ದೊಡ್ಡ ಗುಂಪುಗಳು ಏಳುವುದೇ ಇಲ್ಲ. ಭಾರ ಎತ್ತಿ ಎತ್ತಿ ಅವನ್ನು ಬೇಗ ಎಬ್ಬಿಸುವುದನ್ನು, ಒಟ್ಟಿಗೆ ಕೆಲಸ ಮಾಡಿಸುವುದನ್ನು ದೇಹ ಕಲಿಯುತ್ತದೆ. ಇದು ಬಲವೇ, ನಿಜವಾದ ಬಲ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಟೆಂಡನ್ ಇಷ್ಟು ಬೇಗ ಕಲಿಯುವುದಿಲ್ಲ. ಅದು ನಿಧಾನ, ತಿಂಗಳುಗಟ್ಟಲೆ ಹಿಡಿಯುತ್ತದೆ. ಎತ್ತಲು ಆಗುತ್ತದೆ ಅಂತ ಪ್ರತಿ ಸಲವೂ ಪ್ಲೇಟ್ ಸೇರಿಸುತ್ತಾ ಹೋದವರು ಸ್ವಲ್ಪ ದಿನಕ್ಕೆ ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟು ಇಲ್ಲೇ ನೋವು ಅಂತ ತೋರಿಸುತ್ತಾರೆ. ಮೊದಲ ತಿಂಗಳುಗಳಲ್ಲಿ ತೂಕ ಏರಿಸುವ ವೇಗವನ್ನು ಟೆಂಡನ್ ನಿರ್ಧರಿಸಲಿ ಅನ್ನುವುದು ನನ್ನ ಪಟ್ಟು.

ಒಂದು ಸೆಟ್, ಅಂದರೆ ಬಿಡುವಿಲ್ಲದೆ ಮಾಡುವ ರೆಪ್‌ಗಳ ಒಂದು ಸುತ್ತು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಕಣ್ಣಿನಿಂದಲೇ ಕಲಿಯಬಹುದು. ಸ್ಕ್ವಾಟ್ ಮಾಡುವವರನ್ನು ಪಕ್ಕದಿಂದ ನಿಂತು ನೋಡಿ. ಮೊದಲ ಮೂರು ರೆಪ್ ಒಂದೇ ಲಯದಲ್ಲಿ ಇರುತ್ತದೆ: ಇಳಿದರು, ಎದ್ದರು. ನಾಲ್ಕನೆಯದರಲ್ಲಿ ತೊಡೆ ಅಡ್ಡಕ್ಕಿಂತ ಸ್ವಲ್ಪ ಮೇಲೆ ಬಂದ ಜಾಗದಲ್ಲಿ ಬಾರ್ ಒಂದು ಕ್ಷಣ ತಡೆಯುತ್ತದೆ. ಐದನೆಯದರಲ್ಲಿ ಸೊಂಟ ಮೊದಲು ಏಳುತ್ತದೆ, ಎದೆ ಹಿಂದೆ ಉಳಿಯುತ್ತದೆ, ಬೆನ್ನು ಮುಂದಕ್ಕೆ ಬಾಗುತ್ತದೆ, ಒಂದು ಮಂಡಿ ಒಳಗೆ ವಾಲುತ್ತದೆ. ನಾಲ್ಕನೆಯದಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಇನ್ನೂ ಎರಡು ರೆಪ್ ಆಗುತ್ತಿತ್ತು ಅನ್ನುವಾಗ ಬಾರ್ ಇಟ್ಟುಬಿಡುವುದು ಆಟಗಾರರಿಗೆ ಒಳ್ಳೆಯ ಪದ್ಧತಿ. ಉಸಿರು ಕಟ್ಟಿ, ಪೂರ್ತಿ ಸೋಲುವವರೆಗೆ ಎತ್ತುವುದರಿಂದ ಸಿಗುವ ಹೆಚ್ಚಿನ ಲಾಭ ತೀರಾ ಸಣ್ಣದು, ಅದರ ಸುಸ್ತು ಮಾತ್ರ ನಾಳೆ, ನಾಡಿದ್ದಿಗೂ ಬೆನ್ನು ಬಿಡುವುದಿಲ್ಲ. ದೂರದಲ್ಲಿ ನಿಂತು ಇನ್ನೊಂದು, ಇನ್ನೊಂದು ಅಂತ ಕೂಗುವ ಕೋಚ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಇನ್ನೊಂದಕ್ಕೆ ಬೆಲೆ ತೆರುವುದು ಹುಡುಗರ ಸೊಂಟ.

ಈ ಕಡಿಮೆ ಸಾಕು ಅನ್ನುವ ಮಾತು ಹೊಸದೇನಲ್ಲ. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಗಾಯಗೊಂಡ ಸೈನಿಕರ ಕಾಲಿಗೆ ಬಲ ತುಂಬಲು ಭಾರ ಎತ್ತಿಸಲು ಶುರು ಮಾಡಿದರು. ಶುರುವಿನಲ್ಲಿ ಅವರು ಹತ್ತತ್ತು ರೆಪ್‌ಗಳ ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದರು. 1948ರ ಹೊತ್ತಿಗೆ ಅದು ಮೂರು ಸೆಟ್‌ಗೆ ಇಳಿಯಿತು. ಅಷ್ಟೆಲ್ಲ ಬೇಕಿಲ್ಲ ಅಂತ ಅವರಿಗೇ ಗೊತ್ತಾಗಿತ್ತು. ಇವತ್ತಿಗೂ ಜಿಮ್‌ಗಳ ಗೋಡೆ ಮೇಲೆ ಕಾಣುವ ಮೂರು ಸೆಟ್, ಹತ್ತು ರೆಪ್ ಲೆಕ್ಕದ ಹಿಂದೆ ಅವರ ಕೆಲಸವಿದೆ.

ಸೆಟ್‌ಗಳ ನಡುವೆ ಕೂರಲು ನಾಚಿಕೆ ಬೇಡ. ಭಾರ ಎತ್ತುವಾಗ ಸ್ನಾಯು ಮೊದಲು ಬಳಸುವ ಇಂಧನ ಫಾಸ್ಫೋಕ್ರಿಯಾಟಿನ್, ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತಾ ಬರುತ್ತದೆ. ಬಹುಪಾಲು ಮತ್ತೆ ತುಂಬಿಕೊಳ್ಳಲು ಮೂರರಿಂದ ಐದು ನಿಮಿಷ ಬೇಕು. ಒಂದೇ ನಿಮಿಷಕ್ಕೆ ಎದ್ದರೆ ಬೆವರು ಜಾಸ್ತಿ ಬರುತ್ತದೆ, ಎತ್ತುವ ತೂಕ ಕಡಿಮೆಯಾಗುತ್ತದೆ. ಬಲಕ್ಕಾಗಿ ಬಂದಿದ್ದೀರಿ ಅಲ್ವಾ? ಹಾಗಾದರೆ ಕೂತ್ಕೊಳ್ಳಿ.

ಮರುದಿನದ ಮೈಕೈ ನೋವಿನ ಬಗ್ಗೆ ಒಂದು ತಪ್ಪು ನಂಬಿಕೆ ಇನ್ನೂ ಓಡಾಡುತ್ತಿದೆ, ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ ಅಂತ. ವ್ಯಾಯಾಮದಲ್ಲಿ ಹೆಚ್ಚಾದ ಲ್ಯಾಕ್ಟೇಟ್ (ದೇಹದಲ್ಲಿ ಆ ಆಸಿಡ್ ಇರುವ ರೂಪ) ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಬಂದುಬಿಡುತ್ತದೆ. ನೋವು ಜೋರಾಗುವುದು ಒಂದರಿಂದ ಮೂರು ದಿನದ ನಡುವೆ. ಸ್ನಾಯು ಉದ್ದವಾಗುತ್ತಾ ಭಾರ ತಡೆಯುವಾಗ, ಅಂದರೆ ಇಳಿಸುವಾಗ, ಅದರ ಸಣ್ಣ ಸಣ್ಣ ಎಳೆಗಳಿಗೆ ಆಗುವ ಪೆಟ್ಟು ಮತ್ತು ಅದನ್ನು ಸರಿ ಮಾಡುವ ಉರಿಯೂತದಿಂದ ಆ ನೋವು ಬರುತ್ತದೆ. ಇದಕ್ಕೆ ನಾರ್ಡಿಕ್ ಕರ್ಲ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಂಡಿಯೂರಿ ನಿಲ್ಲಬೇಕು, ಜೊತೆಗಾರ ಹಿಂದೆ ಕೂತು ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಮಂಡಿಯಿಂದ ತಲೆಯವರೆಗೆ ಮೈ ನೆಟ್ಟಗಿಟ್ಟುಕೊಂಡು ಮೆಲ್ಲಗೆ ಮುಂದಕ್ಕೆ ವಾಲಬೇಕು. ಮೊದಲು ಏನೂ ಅನಿಸುವುದಿಲ್ಲ. ಅರ್ಧ ದಾರಿಯಲ್ಲಿ ತೊಡೆಯ ಹಿಂಭಾಗ ಬಿಗಿದು ನಡುಗಲು ಶುರುವಾಗುತ್ತದೆ, ಆಮೇಲೆ ಹಿಡಿತ ತಪ್ಪಿ ಎರಡೂ ಅಂಗೈ ಧಪ್ಪನೆ ನೆಲಕ್ಕೆ ಬೀಳುತ್ತವೆ. ಮೊದಲ ಸಲ ಮಾಡಿದವರು ಮೂರನೇ ದಿನವೂ ಕುರ್ಚಿಯಿಂದ ಏಳುವಾಗ ಮುಖ ಕಿವುಚುತ್ತಾರೆ. ಆದರೆ ಈ ಒಂದು ವ್ಯಾಯಾಮ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ ಅಂತ 2019ರಲ್ಲಿ ಎಲ್ಲ ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಕಂಡುಬಂತು. ಅಷ್ಟು ಕಡಿಮೆ ಸಾಮಾನಿನಲ್ಲಿ ಅಷ್ಟು ಲಾಭ ಕೊಡುವ ಇನ್ನೊಂದು ವ್ಯಾಯಾಮ ನನಗೆ ಗೊತ್ತಿಲ್ಲ. ಎರಡನೇ ಸಲಕ್ಕೇ ನೋವು ಎಷ್ಟೋ ಕಡಿಮೆಯಾಗುತ್ತದೆ, ಸ್ನಾಯು ಒಂದೇ ಸಲಕ್ಕೆ ತನ್ನನ್ನು ಕಾಪಾಡಿಕೊಳ್ಳುವುದನ್ನು ಕಲಿತುಬಿಡುತ್ತದೆ. ಪಂದ್ಯಗಳಿಲ್ಲದ ತಿಂಗಳಲ್ಲಿ, ಒಂದೆರಡು ಸೆಟ್, ನಾಲ್ಕೈದು ರೆಪ್‌ನಿಂದ ಶುರು ಮಾಡಿ. ಪಂದ್ಯದ ವಾರದಲ್ಲಿ ಯಾವ ಹೊಸ ವ್ಯಾಯಾಮವೂ ಬೇಡ, ಎಷ್ಟೇ ಒಳ್ಳೆಯದಾಗಿರಲಿ.

ಓಟ ಮತ್ತು ಭಾರ ಎರಡನ್ನೂ ಒಂದೇ ವಾರದಲ್ಲಿ ಹೇಗೆ ಹೊಂದಿಸುವುದು? 1980ರಲ್ಲಿ ಸಂಶೋಧಕ ರಾಬರ್ಟ್ ಹಿಕ್‌ಸನ್ ಇದನ್ನೇ ಪರೀಕ್ಷೆ ಮಾಡಿದರು. ಒಂದು ಗುಂಪು ಬರೀ ಭಾರ ಎತ್ತಿತು, ಇನ್ನೊಂದು ಬರೀ ಸಹನಶಕ್ತಿಯ ತರಬೇತಿ ಮಾಡಿತು, ಮೂರನೆಯದು ಎರಡನ್ನೂ ಮಾಡಿತು. ಹತ್ತು ವಾರ. ಎರಡನ್ನೂ ಮಾಡಿದವರ ಬಲ ಏಳೆಂಟು ವಾರದವರೆಗೆ ಏರಿ, ಅಲ್ಲಿ ನಿಂತು, ಕೊನೆಗೆ ಇಳಿಯಿತು. ಇದನ್ನು ಓದಿ ಎರಡೂ ಕೂಡಬಾರದು ಅಂದುಕೊಳ್ಳುವವರಿದ್ದಾರೆ. ನನಗೆ ಕಾಣುವುದು ಬೇರೆ. ಆ ಗುಂಪು ವಾರಕ್ಕೆ ಐದು ದಿನ ಭಾರ, ಆರು ದಿನ ಕಠಿಣ ಓಟ ಮತ್ತು ಸೈಕ್ಲಿಂಗ್ ಮಾಡುತ್ತಿತ್ತು. ಚೇತರಿಸಿಕೊಳ್ಳಲು ದೇಹಕ್ಕೆ ಜಾಗವೇ ಇರಲಿಲ್ಲ. ನಾನು ಗಟ್ಟಿ ಓಟ ಇರುವ ದಿನವೇ ಭಾರವನ್ನೂ ಇಡುತ್ತೇನೆ, ಬೆಳಿಗ್ಗೆ ಒಂದು, ಸಂಜೆ ಒಂದು, ನಡುವೆ ಆರು ಗಂಟೆಯಾದರೂ ಬಿಡುವು. ಹಗುರ ದಿನಕ್ಕೆ ಭಾರ ತಂದು ಸೇರಿಸಿದರೆ ಹಗುರ ದಿನ ಅನ್ನುವುದೇ ಉಳಿಯುವುದಿಲ್ಲ, ವಾರದ ಏಳೂ ದಿನ ಅರ್ಧಂಬರ್ಧ ಸುಸ್ತಿನಲ್ಲೇ ಕಳೆಯುತ್ತದೆ.

ಚೇತರಿಕೆಗೆ ಅಂತ ಮಾರುವ ಸಾಮಾನುಗಳು ಸಾಕಷ್ಟಿವೆ. ಎಲ್ಲಕ್ಕಿಂತ ಮೇಲೆ ನಿದ್ದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಹೊರಬರುವುದು ರಾತ್ರಿಯ ಗಾಢ ನಿದ್ದೆಯಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಕೆಲವು ವಾರ ದಿನಾ ಹತ್ತು ಗಂಟೆ ಹಾಸಿಗೆಯಲ್ಲಿರಲು ಹೇಳಿದರು, ಅದರ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅವರ ಓಟದ ಸಮಯ ಇಳಿಯಿತು, ಫ್ರೀ ಥ್ರೋ ಗುರಿ ಶೇ. 9ರಷ್ಟು ಸುಧಾರಿಸಿತು. ಚಿಕ್ಕ ಅಧ್ಯಯನ ಅದು, ಆದರೂ ನಿದ್ದೆಗೆಟ್ಟು ಬಂದ ಆಟಗಾರರನ್ನು ದಿನಾ ನೋಡುವ ಯಾರಿಗೂ ಅದು ಆಶ್ಚರ್ಯ ಅನಿಸಲಾರದು.

ಆಮೇಲೆ ಊಟ. ಪ್ರೋಟೀನ್ ಬಗ್ಗೆ ಎಲ್ಲರೂ ಕೇಳುತ್ತಾರೆ, ದಿನಕ್ಕೆ ದೇಹದ ಪ್ರತಿ ಕೆ.ಜಿ.ಗೆ ಸುಮಾರು 1.6 ಗ್ರಾಂ ಅಂತ ಲೆಕ್ಕ ಹಾಕಿ, ಮೂರು ನಾಲ್ಕು ಹೊತ್ತಿಗೆ ಹಂಚಿದರೆ ಬಲ ಬೆಳೆಸುವವರಿಗೆ ಬಹುಮಟ್ಟಿಗೆ ಸಾಕು. ಯಾರೂ ಕೇಳದ, ಆದರೆ ನನ್ನನ್ನು ಜಾಸ್ತಿ ಕಾಡುವ ವಿಷಯ ಒಟ್ಟು ಊಟದ್ದು. ದೇಹ ಖರ್ಚು ಮಾಡುವಷ್ಟು ತಿನ್ನದೆ ತಿಂಗಳುಗಟ್ಟಲೆ ತರಬೇತಿ ಮಾಡುವ ಆಟಗಾರರಿದ್ದಾರೆ, ಅದರಲ್ಲೂ ತೂಕ ಕಡಿಮೆ ಇರಬೇಕು ಅಂತ ಒತ್ತಡ ಇರುವ ಆಟಗಳಲ್ಲಿ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಗೆ ರೆಡ್-ಎಸ್ (ಆಟಗಾರರಲ್ಲಿ ಇಂಧನದ ಕೊರತೆ) ಅಂತ ಹೆಸರಿಟ್ಟು ಎಚ್ಚರಿಸಿತು. ಇಂಧನ ಸಾಲದಾದಾಗ ದೇಹ ಒಂದೊಂದೇ ಕೆಲಸವನ್ನು ನಿಲ್ಲಿಸುತ್ತಾ ಬರುತ್ತದೆ. ಹುಡುಗಿಯರಲ್ಲಿ ಮುಟ್ಟು ಏರುಪೇರಾಗುತ್ತದೆ ಅಥವಾ ನಿಂತೇ ಹೋಗುತ್ತದೆ, ಮೂಳೆ ಸಣ್ಣಗೆ ಬಿರುಕು ಬಿಡುತ್ತದೆ, ನೆಗಡಿ ಜ್ವರ ಪದೇ ಪದೇ ಬರುತ್ತದೆ. ಹುಡುಗರಿಗೂ ಇದು ಆಗುತ್ತದೆ, ಅವರಲ್ಲಿ ಗುರುತಿಸುವುದು ಕಷ್ಟ ಅಷ್ಟೇ. ಕಷ್ಟಪಟ್ಟು ತರಬೇತಿ ಮಾಡಿದರೆ ಮುಟ್ಟು ನಿಲ್ಲುವುದು ಮಾಮೂಲಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅದು ಮಾಮೂಲಿಯಲ್ಲ. ಮೂರು ತಿಂಗಳು ಬರಲಿಲ್ಲ ಅಂದರೆ ಡಾಕ್ಟರ ಹತ್ತಿರ ಹೋಗಲೇಬೇಕು, ಕೋಚ್ ಏನೇ ಹೇಳಲಿ.

ಐಸ್ ನೀರಿನ ಸ್ನಾನಕ್ಕೂ ಜಾಗವಿದೆ, ಆದರೆ ಎಲ್ಲ ದಿನವೂ ಅಲ್ಲ. 2015ರ ಒಂದು ಪ್ರಯೋಗದಲ್ಲಿ ಹನ್ನೆರಡು ವಾರ ಭಾರ ಎತ್ತಿದ ಮೇಲೆ ಪ್ರತಿ ಸಲ ಸುಮಾರು 10 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಕೂತವರಿಗೆ, ಸುಮ್ನೆ ಸೈಕಲ್ ತುಳಿದವರಿಗಿಂತ ಸ್ನಾಯುವೂ ಬಲವೂ ಕಡಿಮೆ ಬೆಳೆಯಿತು. ತಣ್ಣೀರು ನೋವನ್ನು ತಗ್ಗಿಸುವುದರ ಜೊತೆಗೆ ಬೆಳೆಯಬೇಕಾದ್ದನ್ನೂ ತಗ್ಗಿಸುತ್ತದೆ. ಟೂರ್ನಿಯಲ್ಲಿ ನಾಳೆಯೇ ಮತ್ತೊಂದು ಪಂದ್ಯ ಇದೆ ಅಂದರೆ ಧಾರಾಳವಾಗಿ ಕೂತ್ಕೊಳ್ಳಿ, ಬಲ ಕಟ್ಟುವ ತಿಂಗಳುಗಳಲ್ಲಿ ಬೇಡ. ಮಸಾಜ್, ಫೋಮ್ ರೋಲರ್ ಹಿತ ಕೊಡುತ್ತವೆ, ಮಾಡಿಸಿಕೊಳ್ಳಿ.

ದೇಹ ಚೇತರಿಸಿಕೊಂಡಿಲ್ಲ ಅಂತ ತಿಳಿಯಲು ದುಬಾರಿ ಗಡಿಯಾರವೇ ಬೇಕಿಲ್ಲ. ವಾರ್ಮ್ ಅಪ್ ಆದ ಮೇಲೆ ಗೋಡೆ ಪಕ್ಕ ನಿಂತು ಮೂರು ಸಲ ಎತ್ತರಕ್ಕೆ ಜಿಗಿದು ಬೆರಳಿನ ಗುರುತು ನೋಡಿ. ಎಂದಿನ ಎತ್ತರಕ್ಕಿಂತ ಸ್ಪಷ್ಟವಾಗಿ ಕೆಳಗಿದೆ, ಎಂದಿನ ತೂಕ ಕೈಗೆ ಭಾರ ಅನಿಸುತ್ತಿದೆ, ರಾತ್ರಿ ನಿದ್ದೆ ಬರುತ್ತಿಲ್ಲ, ಸಣ್ಣದಕ್ಕೂ ರೇಗುತ್ತಿದ್ದೀರಿ. ಇವುಗಳಲ್ಲಿ ಒಂದು ಒಂದು ದಿನ ಇದ್ದರೆ ಚಿಂತೆಯಿಲ್ಲ. ಎರಡು ಮೂರು ಒಟ್ಟಿಗೆ ಸೇರಿ ವಾರ ದಾಟಿದರೆ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಕೆಲವು ದಿನಗಳ ಹಗುರ ಕೆಲಸದಿಂದ ಸರಿಹೋಗುವ ಸುಸ್ತನ್ನು ಹಠ ಮಾಡಿ ಎಳೆದರೆ ಅದು ತಿಂಗಳುಗಟ್ಟಲೆ ಬಿಡದ ಓವರ್‌ಟ್ರೈನಿಂಗ್ ಆಗಬಹುದು, ಆಗ ಒಂದು ಇಡೀ ಸೀಸನ್ ಕೈತಪ್ಪುತ್ತದೆ.

ಸೀಸನ್ ಶುರುವಾದ ಕೂಡಲೇ ಜಿಮ್ ಪೂರ್ತಿ ಬಿಡುವವರೂ ಇದ್ದಾರೆ. ಬಿಡಬೇಡಿ. ಗಳಿಸುವುದಕ್ಕೆ ಬೇಕಾದಷ್ಟು ಕೆಲಸ ಉಳಿಸಿಕೊಳ್ಳುವುದಕ್ಕೆ ಬೇಕಿಲ್ಲ. ವಾರಕ್ಕೆ ಒಂದು ಸೆಷನ್ ಸಾಕು, ಆದರೆ ತೂಕ ಇಳಿಸಬಾರದು, ಇಳಿಸಬೇಕಾದ್ದು ಸೆಟ್‌ಗಳನ್ನು. ಎರಡು ಮೂರು ವ್ಯಾಯಾಮ, ತಲಾ ಎರಡು ಸೆಟ್, ಮೂರ್ನಾಲ್ಕು ರೆಪ್, ಅರ್ಧ ಗಂಟೆಯಲ್ಲಿ ಮನೆಗೆ. ದೊಡ್ಡ ಸ್ಪರ್ಧೆಗೆ ಮುಂಚಿನ ಎರಡು ವಾರದಲ್ಲಿ ಒಟ್ಟು ತರಬೇತಿಯ ಪ್ರಮಾಣವನ್ನು ಶೇ. 40ರಿಂದ 60ರಷ್ಟು ಕಡಿಮೆ ಮಾಡಿ, ವೇಗ ಮತ್ತು ತೂಕ ಹಾಗೇ ಇರಲಿ. ಕೊನೆಯ ಭಾರದ ದಿನವನ್ನು ನಾನು ಸ್ಪರ್ಧೆಗೆ ನಾಲ್ಕೈದು ದಿನ ಮೊದಲು ಇಡುತ್ತೇನೆ. ಅವತ್ತು ಎಲ್ಲ ರೆಪ್‌ಗಳೂ ಒಂದೇ ವೇಗದಲ್ಲಿ ಮೇಲೆ ಬರಬೇಕು. ಒಂದು ನಿಧಾನವಾದರೂ ಅಲ್ಲಿಗೇ ನಿಲ್ಲಿಸಿ, ಪ್ಲೇಟ್ ಬಿಚ್ಚಿ ಎತ್ತಿಡಿ.