ಅಜ್ಜಿಯ ಮುಖದ ಚೌಕಗಳು ಮತ್ತು ಬೆಂಗಳೂರಿನ ನಾಸಿರ್ ಅಹ್ಮದ್

ಇಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಹೋದ ವಾರ ಕೇಳಿದ ಪ್ರಶ್ನೆ ಇನ್ನೂ ತಲೆ ಕೊರೀತಾ ಇದೆ. "ಫೋಟೊ, ವಿಡಿಯೊ ಹಗುರ ಮಾಡಿ ಕಳಿಸೋ ಲೆಕ್ಕ ಕಂಡುಹಿಡಿದ ನಾಸಿರ್ ಅಹ್ಮದ್ ನಿಮ್ಮ ಕಡೆಯವರೇ ಅಲ್ವಾ? ನಿಮ್ಮ ಶಾಲೆಗಳಲ್ಲಿ ಅವರ ಬಗ್ಗೆ ಏನು ಹೇಳಿಕೊಡ್ತಾರೆ?" ನಾನು ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗಿದ್ದು ಇಷ್ಟು. ಗಂಗಾವತಿಗೆ ವಿಡಿಯೊ ಕಾಲ್ ಮಾಡಿದ್ದೆ. ಅಲ್ಲಿ ಕರೆಂಟ್ ಹೋಗಿತ್ತು, ಅವ್ವ ನೆಟ್‌ವರ್ಕ್ ಹುಡುಕ್ತಾ ಮೊಬೈಲ್ ಹಿಡಿದು ಮಾಳಿಗೆ ಹತ್ತಿದ್ದಳು. "ಊಟ ಆತೇನವಾ?" ಅನ್ನೋ ದನಿ ಸರಿಯಾಗೇ ಬಂತು. ಮುಖ ಮಾತ್ರ ಒಡೆದು ಚೌಕ ಚೌಕ ಆಗಿ ನಿಂತುಬಿಡ್ತು. ಕೆನ್ನೆ ಒಂದು ಕಡೆ, ಕುಂಕುಮ ಇನ್ನೊಂದು ಕಡೆ. ನನ್ನ ಮಗಳು ಸೋಫಾ ಮೇಲಿದ್ದ ಕೌದಿ ಎಳೆದು ತಂದು ಫೋನಿನ ಪಕ್ಕ ಹಿಡಿದಳು. "ಅಮ್ಮಾ ನೋಡು, ಅಜ್ಜಿ ಕೌದಿ ಆಗಿದಾಳೆ!" ಹಳೇ ಇಳಕಲ್ ಸೀರೆಯ ತುಂಡು ಸೇರಿಸಿ ಅವ್ವನೇ ಹೊಲಿದು ಕಳಿಸಿದ ಕೌದಿ ಅದು.

ಏಣಿ ವಾಪಸ್ ಕೊಡೋಕೆ ಬಂದಿದ್ದ ಅಜ್ಜ ಬಾಗಿಲಲ್ಲೇ ನಿಂತು ನೋಡ್ತಾ ಇದ್ದರು. ರಾಚೆಸ್ಟರ್ ಅಂದ್ರೆ ಫೋಟೊ ಫಿಲ್ಮ್ ಮತ್ತು ಜೆರಾಕ್ಸ್ ಮಷೀನಿನ ಊರು, ಇಲ್ಲಿ ಯಾವ ಬೀದಿಗೆ ಹೋದರೂ ಅಂಥ ಕಂಪನಿಯಿಂದ ರಿಟೈರ್ ಆದವರು ಒಬ್ಬರಾದರೂ ಸಿಗ್ತಾರೆ. ಇವರೂ ಹಾಗೇ, ಪ್ರಿಂಟರಿಗೆ ಚಿತ್ರ ಕಳಿಸೋ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದವರು. ಮಗಳ ಕೌದಿ ನೋಡಿ, ಅವಳು ಹೇಳಿದ್ದು ಸರಿ ಇದೆ, ಆ ಚೌಕಗಳಿಗೆ ಕಾರಣವಾದ ಲೆಕ್ಕ ನಿಮ್ಮ ಬೆಂಗಳೂರಿನವರದ್ದು ಅಂದರು.

ಅಡುಗೆಮನೆ ಟೇಬಲ್ಲಿನ ಮೇಲೆ ಪೆನ್ಸಿಲ್ ಹಿಡಿದು ಮಗಳಿಗೆ ವಿವರಿಸಿದರು. ಫೋಟೊವನ್ನು ಹಗುರ ಮಾಡಿ ಇಡೋ ಜೆಪೆಗ್ ಅನ್ನೋ ರೀತಿಯಲ್ಲಿ, ಅದನ್ನು ಅಡ್ಡ 8, ಉದ್ದ 8 ಚುಕ್ಕಿಗಳ ಚೌಕಗಳಾಗಿ ಕತ್ತರಿಸ್ತಾರೆ. ಒಂದು ಚೌಕದಲ್ಲಿ 64 ಚುಕ್ಕಿ. ಒಂದೊಂದು ಚುಕ್ಕಿಯನ್ನೂ ಬರೆದಿಡೋ ಬದಲು, ಈ ಚೌಕದಲ್ಲಿ ಒಟ್ಟು ಬೆಳಕು ಎಷ್ಟು, ನಿಧಾನವಾಗಿ ಬದಲಾಗೋದು ಎಷ್ಟು, ಕೂದಲಿನ ಹಾಗೆ ಸಣ್ಣ ಸಣ್ಣ ಗೆರೆಗಳು ಎಷ್ಟು ಅಂತ ಬೇರೆ 64 ಸಂಖ್ಯೆ ಮಾಡಿಕೊಳ್ಳೋದು. ಸಾಮಾನ್ಯ ಫೋಟೊದಲ್ಲಿ ಮೊದಲ ಕೆಲವು ಸಂಖ್ಯೆಗಳಲ್ಲೇ ಹೆಚ್ಚುಕಡಿಮೆ ಎಲ್ಲಾ ಬಂದುಬಿಡುತ್ತೆ. ಉಳಿದವು ತೀರಾ ಸಣ್ಣವು, ಬಿಟ್ಟರೂ ಕಣ್ಣಿಗೆ ಗೊತ್ತಾಗಲ್ಲ. ವಿಡಿಯೊದಲ್ಲೂ ಇದೇ ಉಪಾಯ, ಚೌಕದ ಅಳತೆ ಮಾತ್ರ ಬೇರೆ ಬೇರೆ. ನೆಟ್‌ವರ್ಕ್ ಕುಸಿದಷ್ಟೂ ಜಾಸ್ತಿ ಬಿಡ್ತಾ ಹೋಗಬೇಕು, ಕೊನೆಗೆ ಒಂದೊಂದು ಚೌಕಕ್ಕೂ ಒಂದೇ ಬಣ್ಣ ಉಳಿದು ಅಂಚುಗಳು ಎದ್ದು ಕಾಣ್ತವೆ. ಮಾಳಿಗೆ ಮೇಲೆ ನಿಂತ ಅವ್ವನ ಮುಖಕ್ಕೆ ಆಗಿದ್ದು ಅದೇ.

ಇದರ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಡಿಸಿಟಿ. ಹೆಸರು ಕೇಳಿದ ತಕ್ಷಣ ನನಗೆ ಸೂತ್ರ ನೆನಪಾಯ್ತು! ಇಮೇಜ್ ಪ್ರೊಸೆಸಿಂಗ್ ಪೇಪರಿಗೆ ಬಾಯಿಪಾಠ ಮಾಡಿದ್ದೆವು. ನಮ್ಮ ಲೆಕ್ಚರರ್ ಬೋರ್ಡಿನ ಮೇಲೆ ಬರೆದು, ಸುತ್ತ ಡಬ್ಬಿ ಕಟ್ಟಿ, "ಇದು ಪರೀಕ್ಷೆಗೆ ಬಂದೇ ಬರ್ತೈತಿ" ಅಂದಿದ್ದರು. ಇದನ್ನು ಮಾಡಿದವರು ಒಬ್ಬ ಮನುಷ್ಯ, ಅವರು ನಮ್ಮ ರಾಜ್ಯದಲ್ಲೇ ಓದಿದವರು ಅಂತ ನಾಲ್ಕು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ. ಇದೇ ನನಗೆ ನೋವಾಗಿದ್ದು.

ಅವತ್ತು ರಾತ್ರಿ ಮಗಳು ಮಲಗಿದ ಮೇಲೆ ಹುಡುಕಿ ಓದಿದೆ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿದ ಕಾಲೇಜು, ಈಗ ಯುವಿಸಿಇ ಅಂತೀವಲ್ಲ, ಅಲ್ಲಿ 1961ರಲ್ಲಿ ಇಂಜಿನಿಯರಿಂಗ್ ಮುಗಿಸಿದರು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 1966ರಲ್ಲಿ ಪಿಎಚ್‌ಡಿ. ಆಮೇಲೆ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪಾಠ. 1972ರಲ್ಲಿ ಈ ಯೋಚನೆ ಇಟ್ಟುಕೊಂಡು ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣ ಕೇಳಿ ಅರ್ಜಿ ಹಾಕಿದರೆ ಸಿಗಲಿಲ್ಲ. ಅರ್ಜಿ ಓದಿದವರಿಗೆ ಇದು ತೀರಾ ಸರಳ ಅನಿಸಿತ್ತು. 1973ರ ಬೇಸಿಗೆಯನ್ನೆಲ್ಲ ಸಂಬಳ ಇಲ್ಲದೆ ಇದಕ್ಕೇ ಕೊಟ್ಟರು. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸಿನಲ್ಲಿದ್ದ ಕೆ. ಆರ್. ರಾವ್ ಜೊತೆ 1974ರ ಜನವರಿಯಲ್ಲಿ ಪ್ರಕಟಿಸಿದರು. ನಾಲ್ಕು ಪುಟದ ಬರಹ. 1992ರಲ್ಲಿ ಜೆಪೆಗ್ ಬಂದಾಗ ಅದರ ಹೊಟ್ಟೆಯಲ್ಲಿ ಇದ್ದದ್ದು ಇದೇ. ಎಂಪೆಗ್ ವಿಡಿಯೊದಲ್ಲೂ ಇದೇ. ಮದುವೆ ಸಿಡಿಯಿಂದ ಹಿಡಿದು ವಾಟ್ಸಾಪಿಗೆ ಬರೋ ಗವಿಮಠದ ಜಾತ್ರೆ ಫೋಟೊ ತನಕ, ಎಲ್ಲಾ ಈ ಲೆಕ್ಕ ದಾಟಿಕೊಂಡೇ ನಮ್ಮ ಕೈಗೆ ಬಂದಿದ್ದು.

ಇಲ್ಲಿ ಜೆರಾಕ್ಸ್ ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ಹೆಸರು ಯಾರಿಗೆ ಗೊತ್ತಿಲ್ಲ ಹೇಳಿ. ಒಂದು ಯೂನಿವರ್ಸಿಟಿಯಲ್ಲಿ ಅವರ ಹೆಸರಿನ ಲೈಬ್ರರಿ ಇದೆ, ಇನ್ನೊಂದರಲ್ಲಿ ಅವರ ಹೆಸರಿನ ಇಮೇಜಿಂಗ್ ವಿಭಾಗವೇ ಇದೆ. ಮಗಳನ್ನು ಕರಕೊಂಡು ಅದರ ಮುಂದೆ ಹೋಗುವಾಗೆಲ್ಲ ನನಗೆ ಅಪ್ಪನ ಅಂಗಡಿ ನೆನಪಾಗುತ್ತೆ.

ಅಪ್ಪನದು ತಾಲ್ಲೂಕು ಆಫೀಸಿನ ಎದುರು ಜೆರಾಕ್ಸ್ ಅಂಗಡಿ. ಪಹಣಿ, ಮಾರ್ಕ್ಸ್ ಕಾರ್ಡ್, ಜಾತಿ ಆದಾಯ ಸರ್ಟಿಫಿಕೇಟ್, ಅದೇ ನಮ್ಮ ಅನ್ನ. ಬಿಸಿ ಹಾಳೆಯ ವಾಸನೆ ನನಗೆ ಈಗಲೂ ಇಷ್ಟ. ಮಷೀನಿನೊಳಗಿನ ಡ್ರಮ್ ಕ್ಲೀನ್ ಮಾಡೋ ದಿನ ಅಪ್ಪ ಶಟರ್ ಅರ್ಧ ಇಳಿಸ್ತಿದ್ದ. ಒಳಗೆ ಕತ್ತಲು. ಆ ಹಸಿರು ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತೆಗೆದು, ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ, ಕಪ್ಪು ಬಟ್ಟೆ ಮುಚ್ಚಿ ಇಡ್ತಿದ್ದ. "ಬೆಳಕು ಬಿದ್ರ ಕೆಡ್ತೈತಿ, ಮುಟ್ಟಬ್ಯಾಡ" ಅಂತಿದ್ದ. ಒಂದು ಗೀರು ಬಿದ್ದರೂ ಸಾಕು, ಪ್ರತಿ ಹಾಳೆಯ ಮೇಲೂ ಅದೇ ಜಾಗದಲ್ಲಿ ಕಪ್ಪು ಗೆರೆ.

ಕಾರ್ಲ್‌ಸನ್ ಕಂಡುಕೊಂಡಿದ್ದೂ ಬೆಳಕಿನ ಈ ಗುಣವನ್ನೇ. ಕತ್ತಲಲ್ಲಿ ವಿದ್ಯುತ್ತು ಹಿಡಿದಿಟ್ಟುಕೊಳ್ಳೋ, ಬೆಳಕು ಬಿದ್ದಲ್ಲಿ ಬಿಟ್ಟುಬಿಡೋ ವಸ್ತು. ಅಕ್ಷರದ ನೆರಳು ಇರೋ ಕಡೆ ಮಾತ್ರ ವಿದ್ಯುತ್ತು ಉಳಿಯುತ್ತೆ, ಪುಡಿ ಅಲ್ಲೇ ಅಂಟುತ್ತೆ, ಬಿಸಿ ಮಾಡಿದರೆ ಕಾಗದಕ್ಕೆ ಕೂತುಬಿಡುತ್ತೆ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಒಂದು ಸಣ್ಣ ರೂಮಿನಲ್ಲಿ, ಗಂಧಕ ಬಳಿದ ಸತುವಿನ ತಗಡನ್ನು ಹತ್ತಿ ಕರವಸ್ತ್ರದಿಂದ ಉಜ್ಜಿ, ಆ ದಿನದ ತಾರೀಕು ಮತ್ತು ಊರಿನ ಹೆಸರು ಮೂಡಿಸಿದರು. ಕೆಲಸದಲ್ಲಿ ಪೇಟೆಂಟ್ ಕಾಗದಗಳನ್ನು ನಕಲು ಮಾಡಿ ಮಾಡಿ ಸಾಕಾಗಿತ್ತು, ಮೇಲಿಂದ ಕೀಲುನೋವು. 20ಕ್ಕೂ ಹೆಚ್ಚು ಕಂಪನಿಗಳು ಬೇಡ ಅಂದವು. ಕೊನೆಗೆ ರಾಚೆಸ್ಟರಿನ ಒಂದು ಫೋಟೊ ಪೇಪರ್ ಕಂಪನಿ ಕೈ ಹಿಡಿಯಿತು, 1959ರಲ್ಲಿ ಜೆರಾಕ್ಸ್ 914 ಮಷೀನ್ ಹೊರಗೆ ಬಂತು. ಆ ಡ್ರಮ್ಮಿನ ಮೇಲೆ ನಮ್ಮ ಮನೆ ನಡೀತು, ನನ್ನ ಫೀಸು ಕಟ್ಟಾಯ್ತು.

ಇಬ್ಬರಿಗೂ ಮೊದಲು ಬೇಡ ಅಂದವರು ಅಮೆರಿಕದವರೇ. ಆದರೆ ಕೆಲಸ ಗೆದ್ದ ಮೇಲೆ ಹೆಸರನ್ನು ನೆನಪಿಟ್ಟುಕೊಳ್ಳೋದು ಇಲ್ಲಿಯವರಿಗೆ ಗೊತ್ತಿದೆ. ನಾವು ರ‍್ಯಾಂಕ್ ಬಂದವರ ಫೋಟೊವನ್ನು ಬ್ಯಾನರಿಗೆ ಹಾಕಿಸ್ತೀವಿ, ಸರ್ಕಲ್ಲಿನಲ್ಲಿ ಕಟ್ಟಿಸ್ತೀವಿ. ಆ ಬ್ಯಾನರಿನ ಫೋಟೊ ಅಂಗಡಿಗೆ ಹೋಗೋದು ಯಾವ ಲೆಕ್ಕದಿಂದ, ಯಾರಿಂದ ಅಂತ ಒಂದು ಮಾತು ಆ ಮಕ್ಕಳಿಗೇ ಹೇಳಲ್ಲ. ಹೇಳೋಕೆ ಎರಡು ನಿಮಿಷ ಸಾಕು.

ಮೊನ್ನೆ ಅಪ್ಪನಿಗೆ ಇದೆಲ್ಲಾ ಫೋನಿನಲ್ಲಿ ಹೇಳಿದೆ. ಈಗ ಅಂಗಡಿ ತಮ್ಮ ನೋಡ್ಕೋತಾನೆ, ಅಪ್ಪ ಸುಮ್ನೆ ಹೋಗಿ ಕೂರ್ತಾನೆ. ಕಾರ್ಲ್‌ಸನ್ ಕಥೆ ಕೇಳಿ, "ರೊಕ್ಕ ಸಿಕ್ತೇನು ಅವಂಗ?" ಅಂದ. ಬೇಕಾದಷ್ಟು ಸಿಕ್ತು, ಹೆಚ್ಚಿನದನ್ನು ಹೆಸರು ಹೇಳದೆ ದಾನ ಮಾಡಿದರು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಅದಿರ್ಲಿ, ಬೆಂಗಳೂರಿನ ಸಾಹೇಬ್ರದ್ದು ಕನ್ನಡದಾಗ ಬರದು ಕಳಸು. ಕಾಲೇಜ್ ಹುಡುಗ್ರು ಬರ್ತಾವ, ಗ್ವಾಡಿಗೆ ಅಂಟಸ್ತೀನಿ" ಅಂದ.

ಒಂದು ಹಾಳೆ ತುಂಬ ಬರೆದು ಕಳಿಸಿದೆ. ತಮ್ಮ ಪ್ರಿಂಟ್ ತೆಗೆದು ರೇಟ್ ಬೋರ್ಡಿನ ಪಕ್ಕ ಅಂಟಿಸಿದ್ದಾನೆ. ಅಪ್ಪನಿಗೆ ಇನ್ನೂ ಸಮಾಧಾನ ಇಲ್ಲ. ಯುವಿಸಿಇ, 1961 ಅನ್ನೋ ಸಾಲು ಸಣ್ಣದಾಗಿದೆಯಂತೆ, ಎದುರಿನ ಬೆಂಚಿನ ಮೇಲೆ ಕೂತವರಿಗೂ ಓದೋಕೆ ಬರೋ ಹಾಗೆ ದೊಡ್ಡ ಅಕ್ಷರದಲ್ಲಿ ಇನ್ನೊಂದು ಸಲ ಕಳಿಸಬೇಕಂತೆ.