ಮನೆಯವರು ಓದಿದ್ರೆ ಏನ್ ಅಂದ್ಕೋತಾರೆ?

"ಕಥೆ ಬರೀಬೇಕು ಅಂತ ತುಂಬಾ ಆಸೆ, ಆದ್ರೆ ಟೈಮೇ ಸಿಗಲ್ಲ ಕಣೇ" ಅಂತ ನನ್ನ ಫ್ರೆಂಡ್ಸ್ ಎಷ್ಟೋ ಜನ ಹೇಳ್ತಾರೆ. ನಂಗೆ ಈಗೀಗ ಅನ್ಸೋದು, ಟೈಮು, ಲ್ಯಾಪ್‌ಟಾಪು, ಮಕ್ಕಳ ಪರೀಕ್ಷೆ ಎಲ್ಲಾ ಆಮೇಲಿನ ಮಾತು, ಇದ್ರ ಹಿಂದೆ ಒಂದು ಹೆದರಿಕೆ ಕೂತಿರುತ್ತೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಚೆನ್ನಾಗಿ ಬರೀತೀನೋ ಇಲ್ವೋ ಅನ್ನೋ ಹೆದರಿಕೆಯಲ್ಲ ಅದು. ನಮ್ಮೋರು ಓದಿದ್ರೆ ಅನ್ನೋದು.

ಯೋಚ್ನೆ ಮಾಡಿ ನೋಡಿ, ನಮ್ಮ ಹತ್ರ ಇರೋ ಕಥೆಗಳೆಲ್ಲ ಎಲ್ಲಿಂದ ಬಂದಿದ್ದು? ದೊಡ್ಡಮ್ಮ ಬಚ್ಚಲೊಲೆ ಮುಂದೆ ಕೂತು ಹೇಳಿದ್ದು, ಅತ್ತಿಗೆ ಫೋನಲ್ಲಿ ಅತ್ಕೊಂಡು ಹೇಳಿದ್ದು, ಪಾಲಾಗೋ ದಿನ ಜಗಲಿಯಲ್ಲಿ ಯಾರು ಯಾರಿಗೆ ಏನಂದ್ರು ಅನ್ನೋದು. ಅದನ್ನ ಬರೀಬೇಕು ಅಂತ ಕೂತ್ರೆ ಎರಡನೇ ಸಾಲಿಗೇ ಚಿಕ್ಕಪ್ಪನ ಮುಖ ಕಣ್ಮುಂದೆ ಬರುತ್ತೆ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಯಾರೋ ಅದನ್ನ ಫಾರ್ವರ್ಡ್ ಮಾಡಿ "ಇದು ನಮ್ಮನೆ ವಿಷ್ಯ ಅಲ್ವಾ" ಅಂತ ಕೇಳಿದ ಹಾಗೆ ಆಗುತ್ತೆ, ಆಗ ಕೈ ತಾನಾಗೇ ನಿಲ್ಲುತ್ತೆ, ಎದ್ದು ಹೋಗಿ ಹಾಲು ಕಾಯಿಸ್ತೀವಿ, ಬಟ್ಟೆ ಮಡಚ್ತೀವಿ, ರಾತ್ರಿ ಮಲಗೋವಾಗ ಇವತ್ತೂ ಟೈಮ್ ಆಗ್ಲಿಲ್ಲ ಅಂತೀವಿ. ಹೆಂಗಸರಿಗೆ ಇದು ಇನ್ನೂ ಜಾಸ್ತಿ, ಯಾಕಂದ್ರೆ ತವರುಮನೆ, ಗಂಡನ ಮನೆ ಎರಡೂ ಕಡೆಯವರು ಓದೋರೇ.

ಈ ಹೆದರಿಕೆ ಎಂಥವರಿಗೂ ಇದ್ದದ್ದೇ ಅಂತ ಗೊತ್ತಾದಾಗ ನಂಗೆ ತುಂಬಾ ಧೈರ್ಯ ಬಂತು. ವೈದೇಹಿ ಅವ್ರ ಹೆಸರು ಹೇಗೆ ಬಂತು ಗೊತ್ತಾ? ಕುಂದಾಪುರದಲ್ಲಿ ಹುಟ್ಟಿದ ಅವ್ರು 'ಸುಧಾ' ಪತ್ರಿಕೆಗೆ ಒಂದು ಕಥೆ ಕಳಿಸಿದ್ರು, ಕಳಿಸಿದ ಮೇಲೆ ಇದು ನಿಜವಾಗಿ ನಡೆದ ಕಥೆ, ದಯವಿಟ್ಟು ಹಾಕ್ಬೇಡಿ ಅಂತ ಪತ್ರ ಬರೆದ್ರು. ಸಂಪಾದಕರು ಕಥೆ ಬಿಡ್ಲಿಲ್ಲ, ಹೆಸರನ್ನ ವೈದೇಹಿ ಅಂತ ಬದಲಾಯಿಸಿ ಪ್ರಿಂಟ್ ಮಾಡಿದ್ರು. ಆ ಹೆಸರೇ ಉಳ್ಕೊಂಡ್ತು, 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದೂ ಅದೇ ಹೆಸರಿಗೆ. ಹೆದರಿಕೆ ಹೋದ ಮೇಲೆ ಬರೆದಿದ್ದಲ್ಲ ನೋಡಿ ಆ ಕಥೆ. ಬರೆದು, ಕಳಿಸಿ, ಆಮೇಲೆ ಹೆದರಿದ್ದು. ನಾವು ಇದನ್ನ ಉಲ್ಟಾ ಮಾಡ್ತೀವಿ, ಮೊದಲೇ ಹೆದರಿ ಬರೆಯೋದನ್ನೇ ಬಿಡ್ತೀವಿ.

ಎಂ.ಕೆ. ಇಂದಿರಾ ಅವ್ರದ್ದು ನನಗೆ ಇನ್ನೂ ಹತ್ತಿರದ ಉದಾಹರಣೆ, ನಮ್ಮ ಮಲೆನಾಡಿನವ್ರು ಅನ್ನೋ ಪ್ರೀತಿನೂ ಇದೆ. 1917ರಲ್ಲಿ ಹುಟ್ಟಿದ್ರು, ಶಾಲೆಗೆ ಹೋಗಿದ್ದು ಕೆಲವೇ ವರ್ಷ, ಚಿಕ್ಕ ವಯಸ್ಸಲ್ಲೇ ಮದುವೆ, ಮೊದಲ ಕಾದಂಬರಿ 'ತುಂಗಭದ್ರ' ಬರೋ ಹೊತ್ತಿಗೆ 1963. ಅಂದ್ರೆ ನಲವತ್ತೈದು ದಾಟಿತ್ತು. ವಯಸ್ಸಾಯ್ತು, ಓದಿಲ್ಲ, ಮನೆ ಕೆಲಸ, ಮೂರು ನೆಪನೂ ಅವ್ರ ಕೈಯಲ್ಲೇ ಇತ್ತು. ಆಮೇಲೆ ಬಂದ 'ಫಣಿಯಮ್ಮ' ಅವ್ರ ಮನೆತನದ್ದೇ ಒಬ್ಬ ಅಜ್ಜಿಯ ಬದುಕು, ಅಮ್ಮನ ಬಾಯಿಂದ ಕೇಳಿದ್ದು. ಚಿಕ್ಕ ಹುಡುಗಿಯಾಗಿದ್ದಾಗಲೇ ವಿಧವೆಯಾಗಿ, ತಲೆ ಬೋಳಿಸ್ಕೊಂಡು, ಮಡಿಯಲ್ಲೇ ಜೀವನ ತೆಗೆದವರ ಕಥೆ. ಮನೆ ಮರ್ಯಾದೆ ಅಂತ ಇಂದಿರಾ ಸುಮ್ನಿದ್ದಿದ್ರೆ ಆ ಅಜ್ಜಿ ಯಾರಿಗೂ ಗೊತ್ತಿಲ್ಲದ ಹಾಗೆ ಹೋಗ್ಬಿಡ್ತಿದ್ರು. ನನಗೆ ಇದನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ, ಯಾಕಂದ್ರೆ ನಮ್ಮ ಒಂದೊಂದು ಮನೆಯಲ್ಲೂ ಹಾಗೆ ಹೋದವರು ಇದ್ದಾರೆ.

ಟೈಮ್ ವಿಷ್ಯಕ್ಕೆ ಹೆಚ್ಚು ಹೇಳೋಕಿಲ್ಲ. ಮಾಸ್ತಿ ಅವ್ರು ಮೈಸೂರು ಸರ್ಕಾರದ ದೊಡ್ಡ ದೊಡ್ಡ ಹುದ್ದೆಗಳಲ್ಲಿ ಇದ್ಕೊಂಡೇ ಪುಸ್ತಕದ ಮೇಲೆ ಪುಸ್ತಕ ಬರೆದವ್ರು. ಇನ್ನು "ನನ್ನ ಕನ್ನಡ ಸರಿ ಇಲ್ಲ, ಹಳ್ಳಿ ಭಾಷೆ" ಅನ್ನೋರು ದೇವನೂರ ಮಹಾದೇವ ಅವ್ರ 'ಕುಸುಮಬಾಲೆ' ತೆಗೆದು ಎರಡು ಪುಟ ಜೋರಾಗಿ ಓದಿ ನೋಡಿ, ನಂಜನಗೂಡು ಸೀಮೆಯ ಮಾತು ಹೇಗಿದ್ಯೋ ಹಾಗೇ ಅಲ್ಲಿದೆ.

ಈಗ ನಾನು ಏನ್ ಮಾಡ್ತೀನಿ ಅಂದ್ರೆ, ಬರೆಯೋದು ಬೇರೆ, ಬೇರೆಯವ್ರಿಗೆ ತೋರ್ಸೋದು ಬೇರೆ ಅಂತ ಗಟ್ಟಿಯಾಗಿ ಇಟ್ಕೊಂಡಿದೀನಿ. ಬರೆಯೋ ನೋಟ್‌ಬುಕ್ಕು ಯಾರ ಕೈಗೂ ಸಿಗಲ್ಲ, ಅದ್ರಲ್ಲಿ ಎಲ್ಲರ ಹೆಸರೂ ನಿಜವಾದದ್ದೇ, ಬೈಗುಳನೂ ನಿಜವಾದದ್ದೇ. ಮೊದಲಿಂದಾನೇ ಹೆಸರು ಬದಲಾಯಿಸಿ ಬರೆದ್ರೆ ಮಾತು ಸೊರಗುತ್ತೆ, ಆ ಮನುಷ್ಯ ಕಿವಿಗೆ ಬೀಳಲ್ಲ. ಟೈಪ್ ಮಾಡೋದು ಬೇಜಾರು ಅನ್ನೋರಿಗೆ ಫೋನಲ್ಲಿ ಕನ್ನಡದಲ್ಲೇ ಮಾತಾಡಿದ್ರೆ ಅದೇ ಬರ್ಕೊಳ್ಳುತ್ತೆ, ತಪ್ಪುಗಳಿರುತ್ತೆ, ಇರ್ಲಿ ಬಿಡಿ, ಮೊದಲ ಸಲಕ್ಕೆ ಅಷ್ಟು ಸಾಕು.

ಆದ್ರೆ ಎಲ್ಲಾ ಹೆದರಿಕೆನೂ ನೆಪ ಅಂತ ನಾನು ಹೇಳಲ್ಲ. ಬದುಕಿರೋ ಒಬ್ಬ ಹೆಣ್ಣುಮಗಳು ನಂಬಿ ಹೇಳಿದ್ದನ್ನ ಗುರುತು ಸಿಗೋ ಹಾಗೆ ಪ್ರಿಂಟ್ ಮಾಡಿದ್ರೆ ನಾಳೆ ಅವಳೇ ಆ ಮನೆಯಲ್ಲಿ ಬಾಳ್ಬೇಕು. ಅಂಥದ್ದನ್ನ ತಡೆದಿಡೋದು ಹೇಡಿತನ ಅಲ್ಲ. ಅದಕ್ಕೆ ನನ್ನ ಪ್ರಶ್ನೆ ಒಂದೇ, ಇದ್ರಿಂದ ಅವಳಿಗೆ ತೊಂದ್ರೆನಾ, ಇಲ್ಲಾ ನಂಗೆ ಮುಜುಗರನಾ? ಮುಜುಗರ ನಂದೇ ಆಗಿದ್ರೆ ಮುಂದಕ್ಕೆ ಹೋಗ್ತೀನಿ. ತೊಂದ್ರೆ ಅವಳಿಗೆ ಅಂದ್ರೆ ಬರೆದು ಮುಗಿಸಿ ಆಮೇಲೆ ಊರು ಬದಲಾಯಿಸ್ತೀನಿ, ಕಸುಬು ಬದಲಾಯಿಸ್ತೀನಿ, ಇಬ್ಬರು ಸೇರಿ ಒಬ್ಬಳಾಗ್ತಾಳೆ, ಅಣ್ಣ ಇದ್ದಲ್ಲಿ ಮಾವ ಬರ್ತಾನೆ.

ದೊಡ್ಡಮ್ಮನ ಕಥೆಗೆ ಈಗ ಹಾಗೇ ಮಾಡ್ತಿದೀನಿ. ಅಡಿಕೆ ತೋಟದ ಮನೆಯಿಂದ ಅವಳನ್ನ ಎತ್ಕೊಂಡು ಹೋಗಿ ಕರಾವಳಿಯ ತೆಂಗಿನ ತೋಟದ ಮನೆಯಲ್ಲಿ ಇಟ್ಟೆ. ಇಟ್ಟ ಮೇಲೆ ಎಲ್ಲಾ ಬದಲಾಗ್ತಾ ಬಂತು. ಅಡಿಕೆಯಾದ್ರೆ ಕೊಯ್ಲು ಬಂದಾಗ ರಾತ್ರಿಯೆಲ್ಲ ಸುಲಿಯೋ ಗಲಾಟೆ, ಮನೆ ತುಂಬಾ ಜನ, ಹೆಂಗಸರಿಗೆ ಮಾತಾಡೋಕೆ ಅದೇ ಒಂದು ಅವಕಾಶ. ತೆಂಗಿಗೆ ಹಾಗೆ ಒಂದೇ ಕೊಯ್ಲು ಅಂತ ಇಲ್ಲ, ವರ್ಷದಲ್ಲಿ ಎಷ್ಟೋ ಸಲ ಕಾಯಿ ಕೀಳ್ತಾರೆ, ಆ ಸುಲಿಯೋ ರಾತ್ರಿಗಳೇ ಇಲ್ಲ. ಹಂಗಾದ್ರೆ ಇವಳು ತನ್ನ ಗುಟ್ಟನ್ನ ಯಾರ ಹತ್ರ, ಯಾವಾಗ ಹೇಳ್ತಾಳೆ? ಎರಡು ವಾರದಿಂದ ಅದನ್ನೇ ಹುಡುಕ್ತಿದೀನಿ, ಉಡುಪಿ ಕಡೆಯ ಗೆಳತಿಗೆ ಫೋನ್ ಮಾಡಿ ಮಾಡಿ ಅವಳ ಅತ್ತೆ ಹತ್ರನೂ ಮಾತಾಡಿದ್ದಾಯ್ತು. ಈ ಹೆಂಗಸು ಈಗ ನಮ್ಮ ದೊಡ್ಡಮ್ಮ ಅಲ್ಲ, ಬೇರೆ ಯಾರೋ. ಭಾನುವಾರ ಮತ್ತೆ ಬರೆಯೋಕೆ ಕೂರ್ತೀನಿ, ಸದ್ಯಕ್ಕೆ ಬಾವಿಕಟ್ಟೆ ಹತ್ರ ಪಕ್ಕದ್ಮನೆಯವಳನ್ನ ತಂದು ನಿಲ್ಲಿಸಿದೀನಿ, ಇಬ್ರೂ ಇನ್ನೂ ಮಾತು ಶುರು ಮಾಡಿಲ್ಲ.